ಪಗಡಿಯ ಆ ತುದಿ

ಪಗಡಿಯ ಬಟ್ಟೆ ಮಡಿಸಲು ಇಬ್ಬರು ಬೇಕು. ಮಗ ಸುಖಚೈನ್ ಒಂದು ತುದಿ ಹಿಡಿದರೆ, ಇನ್ನೊಂದು ತುದಿ ಯಾವಾಗಲೂ ತಾಯಿ ಧನ್ನ ಕೌರಳ ಕೈಯಲ್ಲಿ.

ಪೊಲೀಸರು ಬಂದ ಬೆಳಿಗ್ಗೆ ಅವಳ ಕೈಯೆಲ್ಲ ರೊಟ್ಟಿಯ ಹಿಟ್ಟು. ಮಗ ಅಂಗಳದಲ್ಲಿ ತಲೆಗೂದಲು ಒಣಗಿಸುತ್ತಿದ್ದ.

"ಎರಡು ಮಾತು ಕೇಳಿ ಕಳಿಸ್ತೀವಿ ಬೀಬಿ," ಎಂದ ಠಾಣೆದಾರ ರೇಶಮ್ ಸಿಂಗ್.

"ಬರಿತಲೇಲಿ ಕರ್ಕೊಂಡು ಹೋಗ್ಬೇಡ ಅಣ್ಣಾ. ನೀನೂ ಪಗಡಿ ಕಟ್ಟೋನೇ ತಾನೆ?"

ಅವನು ನಕ್ಕು ತಾನೇ ತುದಿ ಹಿಡಿದ. "ಮದುಮಗನ ಹಾಗೆ ಕಟ್ಕೋ ಹುಡುಗಾ, ಠಾಣೆಯವರೆಲ್ಲ ನೋಡಲಿ!"

ವಾಹೆಗುರು ಒಳ್ಳೆಯವನನ್ನೇ ಕಳಿಸಿದ ಎಂದುಕೊಂಡು ಧನ್ನ ಕೌರ್ ಅವನಿಗೆ ಲಸ್ಸಿ ಕೊಟ್ಟಳು.

ಸುಖಚೈನ್ ಮರಳಲಿಲ್ಲ. ಸತ್ತವರಿಗೆ ಮಾಡಿಸುವ ಭೋಗ್ ಪಾಠ ಮಾಡಿಸಿಬಿಡು ಎಂದರು ಊರವರು. "ಹೆಣ ತೋರಿಸಿ, ಮಾಡಿಸ್ತೀನಿ," ಎಂದಳು. ಮಗನನ್ನು ಏನು ಮಾಡಿದನೆಂದು ಒಯ್ದವನ ಬಾಯಲ್ಲೇ ಹೇಳಿಸಬೇಕೆಂದು ಕೋರ್ಟು ಹತ್ತಿದಳು. ಅವಳ ಸಾಕ್ಷಿಯ ಸರದಿ ಬರುವಷ್ಟರಲ್ಲಿ ಬೆನ್ನು ಬಾಗಿತ್ತು.

"ಬೇಬೆ, ಪಗಡಿ ಮಾತು ಎತ್ತಬೇಡಿ," ಎಂದ ಅವಳ ವಕೀಲ. "ಕೂದಲು ಹಿಡಿದು ಎಳ್ಕೊಂಡು ಹೋದ ಅನ್ನಿ."

"ಗುರುವಿನ ಆಣೆ ಇಟ್ಟು ಸುಳ್ಳಾಡಲಾ ಪುತ್ತರ್?"

ನಡೆದದ್ದನ್ನು ನಡೆದಂತೆಯೇ ಹೇಳಿದಳು. ಎದುರಿನ ವಕೀಲ ಕೈಮುಗಿದ. "ಬೀಬಿ ಹೇಳಿದ್ದೆಲ್ಲ ನಿಜ, ಸ್ವಾಮಿ. ಎಳೆದೊಯ್ಯೋಕೆ ಬಂದೋನು ಪಗಡಿ ತುದಿ ಹಿಡೀತಾನಾ? ಲಸ್ಸಿ ಕುಡೀತಾನಾ? ಹುಡುಗ ತಾನಾಗೇ ಬಂದ, ಸಂಜೆ ಬಿಟ್ಟು ಕಳಿಸಿದ್ರು. ಈಗೆಲ್ಲೋ ಪರದೇಶದಲ್ಲಿ ಟ್ಯಾಕ್ಸಿ ಓಡಿಸ್ತಿರ್ತಾನೆ!"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ರೇಶಮ್ ಸಿಂಗ್ ನಿರ್ದೋಷಿ ಎಂದು ತೀರ್ಪಾಯಿತು.

ಮೆಟ್ಟಿಲ ಬಳಿ ಅವನು ಅವಳ ಕಿವಿಯ ಹತ್ತಿರ ಬಗ್ಗಿದ. ಗಡ್ಡ ಬೆಳ್ಳಗಾಗಿತ್ತು, ನಗು ಅದೇ.

"ಗಟ್ಟಿ ಬಟ್ಟೆ ಬೀಬಿ ಅದು. ಹುಡುಗನ ಕೈಕಾಲು ಕಟ್ಟೋಕೆ ಬೇರೆ ಹಗ್ಗಾನೇ ಬೇಕಾಗ್ಲಿಲ್ಲ."

ಧನ್ನ ಕೌರ್ ಭೋಗ್ ಮಾಡಿಸಿದಳು. ಮರುದಿನ ವಕೀಲನ ಬಾಗಿಲಲ್ಲಿ ಕೂತಿದ್ದಳು.

"ಅವನೇ ಒಪ್ಕೊಂಡ ಪುತ್ತರ್. ಮೇಲಿನ ಕೋರ್ಟಿಗೆ ಹಾಕು."

"ಅವನು ಹೇಳಿದ್ದನ್ನ ಕೇಳ್ದೋರು ಯಾರು?"

"ನಾನು. ನಾನು ಸುಳ್ಳು ಹೇಳಲ್ಲ ಅಂತ ಕೋರ್ಟಿಗೇ ಗೊತ್ತು."

ವಕೀಲ ತಲೆ ಎತ್ತಲಿಲ್ಲ. "ಹೌದು ಬೇಬೆ. ನಿಮ್ಮ ಮಾತು ನಂಬಿಯೇ ಅವನನ್ನ ಬಿಟ್ಟಿದ್ದು."