ಆರಾದ ಮೇಲೆ ಮತ್ತೊಂದು

ನಾನು ನಿಮ್ಮಷ್ಟೇ ಚಿಕ್ಕವಳಿದ್ದಾಗ ಕಂಡದ್ದನ್ನೆಲ್ಲ ಬರೆದಿಡುವ ಚಟ ನನಗಿತ್ತು. ಹಳೆಯ ಕಾಪಿ ಪುಸ್ತಕಗಳಲ್ಲಿ ಉಳಿದ ಹಾಳೆಗಳನ್ನು ಸೂಜಿದಾರದಿಂದ ಹೊಲಿದು ನನ್ನದೇ ಒಂದು ಪುಸ್ತಕ ಮಾಡಿಕೊಂಡಿದ್ದೆ. ಕೋಳಿ ಎಷ್ಟು ಮೊಟ್ಟೆಯಿಟ್ಟಿತು, ಬಸ್ಸು ಎಷ್ಟು ತಡವಾಗಿ ಬಂತು, ಎಲ್ಲವೂ ದಿನಾಂಕದ ಸಮೇತ ಅದರಲ್ಲಿರುತ್ತಿತ್ತು. ಮನೆಯವರು ನೋಡಿ ನಗುತ್ತಿದ್ದರು. ಆ ನಗು ನಿಂತದ್ದು ಕಾರ್ತಿಕ ಮಾಸದ ಒಂದು ಶನಿವಾರ.

ಆ ವರ್ಷ ಅಪ್ಪ ಜ್ವರ ಬಂದು ತಿಂಗಳುಗಟ್ಟಲೆ ಮಲಗಿದ್ದರು. ಬದುಕುವುದೇ ಕಷ್ಟ ಎಂದು ಡಾಕ್ಟರು ಹೇಳಿದ್ದರಂತೆ. ಆಗ ಅಜ್ಜಿ ಹರಕೆ ಹೊತ್ತಳು. ಮಗ ಎದ್ದು ಓಡಾಡಿದರೆ ಅರಕಲಗೂಡಿನ ಅರ್ಕೇಶ್ವರ, ಗೊರೂರಿನ ಯೋಗಾನರಸಿಂಹ, ಹೊಳೆನರಸೀಪುರದ ಲಕ್ಷ್ಮೀನರಸಿಂಹ, ಈ ಮೂರೂ ಗುಡಿಗಳಿಗೆ ಒಂದೇ ದಿನ, ಉಪವಾಸವಿದ್ದು, ಏಳೇಳು ಸುತ್ತು ಬರುತ್ತೇನೆ ಎಂದು. ಒಂದು ಸುತ್ತು ಕಡಿಮೆಯಾದರೂ ಹರಕೆ ಸಂದಂತಲ್ಲ. ಅಪ್ಪ ಎದ್ದರು. ಅಜ್ಜಿ ಮಂಡಿನೋವನ್ನು ಲೆಕ್ಕಿಸದೆ ಹೊರಟಳು. ಜೊತೆಗೆ ಅಪ್ಪ, ಅಕ್ಕ, ನಾನು ಮತ್ತು ನನ್ನ ಪುಸ್ತಕ.

ಅರಕಲಗೂಡಿನಲ್ಲಿ ಇನ್ನೂ ಮಂಜು ಹರಿದಿರಲಿಲ್ಲ. ಅಂಗಳದ ಕಲ್ಲು ಪಾದ ಜುಮ್ಮೆನ್ನುವಷ್ಟು ತಣ್ಣಗಿತ್ತು. ಗೊರೂರಿಗೆ ಬಂದಾಗ ಬಿಸಿಲೇರಿತ್ತು, ಹೇಮಾವತಿಯ ಕಡೆಯಿಂದ ಒದ್ದೆ ಗಾಳಿ ಬೀಸುತ್ತಿತ್ತು. ಅಜ್ಜಿ ತುಟಿಯಲ್ಲೇ ಎಣಿಸುತ್ತ ನಡೆಯುತ್ತಿದ್ದಳು. ಅವಳು ನನ್ನ ಮುಂದೆ ಹಾದಾಗಲೆಲ್ಲ ನಾನು ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಹಾಸನದಲ್ಲಿ ಬಸ್ಸು ಬದಲಿಸಿದೆವು. ವರ್ಷಕ್ಕೆ ಕೆಲವೇ ದಿನ ತೆರೆಯುವ ಹಾಸನಾಂಬೆಯ ಬಾಗಿಲು ಆಗಷ್ಟೇ ಮುಚ್ಚಿತ್ತು. ಬಸ್‌ಸ್ಟ್ಯಾಂಡಿನಿಂದಲೇ ಆ ದಿಕ್ಕಿಗೆ ಕೈ ಮುಗಿದೆವು. ಪಕ್ಕದಲ್ಲೇ ಬೋಂಡ ಕರಿಯುವ ವಾಸನೆ. ಅಜ್ಜಿ ಆ ಕಡೆ ತಿರುಗಿಯೂ ನೋಡಲಿಲ್ಲ, ನಾನು ಮಾತ್ರ ನೋಡಿದೆ.

ಹೊಳೆನರಸೀಪುರದ ಗುಡಿಗೆ ಬಂದಾಗ ಸಂಜೆ. ಅಜ್ಜಿ ಗೋಡೆ ಹಿಡಿದು ಹಿಡಿದು ಸುತ್ತು ಬಂದಳು. ಕೊನೆಯ ಬಾರಿ ಬಂದವಳು "ಮತ್ತೊಂದು" ಎಂದು ಉಸಿರುಬಿಟ್ಟು ಜಗಲಿಯ ಮೇಲೆ ಕೂತಳು.

"ಯಾಕಜ್ಜಿ ಕೂತ್ಕಂಡೆ? ಇನ್ನೂ ಆರೇ ಆಗಿರೋದು," ಎಂದಳು ಅಕ್ಕ.

"ಆರಾ?"

"ಮತ್ತೊಂದು ಅಂತ ನೀನೇ ಅಂದ್ಯಲ್ಲ. ಅಂದ್ರೆ ಇನ್ನೊಂದು ಬಾಕಿ ಅಂತ ತಾನೆ? ಬೆಳಿಗ್ಗೆ ಎರಡು ಗುಡೀಲೂ ಅಂಗೇ ಅಂದು ನಿಲ್ಲಿಸ್ಬುಟ್ಟೆ, ಆಗ ನಂಗೂ ಹೊಳೀಲಿಲ್ಲ."

ಅಕ್ಕ ಚಿಕ್ಕಂದಿನಿಂದಲೂ ಹಾಸನದ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಲೆಕ್ಕದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವಳದೇ ಕೊನೆಯ ಮಾತು. ಅಜ್ಜಿಯ ಮುಖ ಬಾಡಿತು.

"ನಾ ಅಂಗಂದ್ನಾ? ಅಯ್ಯೋ ಸಿವನೇ! ಮೂರೂ ಗುಡೀಲಿ ಒಂದೊಂದು ಸುತ್ತು ಉಳ್ಕತಲ್ಲಾ!"

"ಇಲ್ಲೊಂದು ಸುತ್ತು ಬಂದ್ಬುಡವ್ವ, ಸಾಕು," ಎಂದರು ಅಪ್ಪ. "ದೇವ್ರೇನು ಮೇಷ್ಟ್ರಾ, ಕಿವಿ ಹಿಂಡಕ್ಕೆ?"

"ನಿನ್ ಪ್ರಾಣದ್ ಮಾತು ಕಣ್ಲಾ ಇದು! ಬರೋ ಶನಿವಾರ ಅರಕಲಗೂಡಿಂದ ಮತ್ತೆ ಸುರು ಮಾಡ್ತೀನಿ." ಅಜ್ಜಿ ಮಂಡಿಯ ಮೇಲೆ ಕೈಯೂರಿ ಎದ್ದಳು.

ನಾನು ಪುಸ್ತಕ ತೆರೆದು ಹಿಡಿದೆ. "ಅಜ್ಜಿ, ಮೂರೂ ಕಡೆ ಏಳೇ ಆಗೈತೆ. ಗೀಟು ನೋಡು."

"ಓಹೋ, ಮೊಟ್ಟೆ ಲೆಕ್ಕದವ್ಳು ಬಂದ್ಲು!" ಎಂದು ಅಕ್ಕ ನಕ್ಕಳು.

"ನೀನು ಅಜ್ಜಿ ಬಾಯಿ ಕೇಳ್ದೆ. ನಾನು ಅಜ್ಜಿ ಕಾಲು ನೋಡ್ದೆ," ಎಂದೆ.

ಓದು ಬರದ ಅಜ್ಜಿ ಗೀಟುಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಎಣಿಸಿದಳು. "ಏಳೇ ಅವೆ. ಅಂಗಾದ್ರೆ ನಾ ಯಾಕೆ ಮತ್ತೊಂದು ಅಂದೆ?"

"ಕಣದಲ್ಲಿ ರಾಗಿ ಅಳೆಯೋವಾಗ ಎಂಗೆ ಎಣಿಸ್ತೀಯ, ಎಣಿಸಿ ತೋರ್ಸು."

"ಲಾಭ, ಎರಡು, ಮೂರು, ನಾಕು, ಐದು, ಆರು, ಮತ್ತೊಂದು..." ಅಜ್ಜಿ ಅಲ್ಲಿಗೇ ನಿಂತು ನನ್ನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಕ್ಕ ಮಾತ್ರ ಏನೂ ತಿಳಿಯದೆ ಕಣ್ಣು ಬಿಟ್ಟಳು.

"ಏಳು ಅನ್ಬಾರ್ದು ಕಣವ್ವಾ," ಎಂದು ಅಜ್ಜಿ ಅವಳಿಗೆ ಹೇಳಿದಳು. "ಏಳು ಅಂದ್ರೆ ರಾಸೀಲಿ ಕೂತಿರೋ ಲಕ್ಸ್ಮಿ ಎದ್ದು ಓಯ್ತಾಳೆ. ಅದಕ್ಕೇ, ಒಂದಕ್ಕೆ ಲಾಭ ಅನ್ನಂಗೆ, ಏಳಕ್ಕೆ ಮತ್ತೊಂದು ಅಂತೀವಿ. ಬಾಯಿ ಅಭ್ಯಾಸ, ಇಲ್ಲೂ ಅಂಗೇ ಬಂದ್ಬುಡ್ತು."

"ಒಳ್ಳೇದೇ ಆಯ್ತು," ಎಂದರು ಅಪ್ಪ. "ಇಲ್ಲಂತೂ ಲಕ್ಷ್ಮಿ ಸ್ವಾಮಿ ಜೊತೇಲೇ ಕೂತವ್ಳೆ. ನೀನು ಏಳು ಅಂದು ಅವ್ಳು ಎದ್ದೋಗಿದ್ರೆ ಸ್ವಾಮಿ ನಮ್ಮನ್ನ ಸುಮ್ನೆ ಬುಡ್ತಿದ್ನಾ?"

ಅಜ್ಜಿ ಮತ್ತೆ ಜಗಲಿಯ ಮೇಲೆ ಕೂತಳು. ದೊನ್ನೆಯಲ್ಲಿ ಬಂದ ಬಿಸಿ ಪುಳಿಯೋಗರೆಯ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟು ಆಮೇಲೆ ತಾನು ಉಣ್ಣತೊಡಗಿದಳು. ಅಕ್ಕ ನನ್ನ ಪೆನ್ಸಿಲ್ ಕಿತ್ತುಕೊಂಡು, ಗೀಟುಗಳ ಕೆಳಗೆ ಮೇಷ್ಟ್ರ ಹಾಗೆ ದೊಡ್ಡದಾಗಿ 'ಸರಿ' ಎಂದು ಬರೆದಳು. ಅರಕಲಗೂಡಿನ ಕಡೆಯ ನಮ್ಮೂರಿಗೆ ಹಿಂದಿರುಗುವ ಬಸ್ಸಿನಲ್ಲಿ ಅಪ್ಪ ಕಂಡಕ್ಟರಿಗೂ ಹೇಳಿದರು, "ನಮ್ ಕಿರಿಮಗಳು ಕಣಪ್ಪ. ದೇವ್ರ ಲೆಕ್ಕ ಇಟ್ಟವ್ಳೆ!" ನಾನು ಊರು ಬರುವವರೆಗೂ ಬೆನ್ನು ನೆಟ್ಟಗೆ ಮಾಡಿಕೊಂಡೇ ಕೂತಿದ್ದೆ.

ಮಕ್ಕಳೇ, ಮೊನ್ನೆ ನಿಮ್ಮ ಮನೆಯ ಕಾರಿನಲ್ಲಿ ಅದೇ ಮೂರು ಗುಡಿಗಳನ್ನು ನೋಡಿಕೊಂಡು ನಾವು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆವು. ನಿಮ್ಮ ಕೈಗಡಿಯಾರ ನೀವಿಟ್ಟ ಹೆಜ್ಜೆಗಳನ್ನೆಲ್ಲ ಎಣಿಸಿತು. ಬಹಳ ಹೊತ್ತು ಕೂತರೆ ಎದ್ದು ಓಡಾಡಿ ಎಂದು ಅದೇ ಹೇಳುತ್ತದಂತೆ, ನೀವೂ ಎದ್ದುಬಿಡುತ್ತೀರಿ. ಒಳ್ಳೆಯದೇ. ನಮ್ಮಜ್ಜಿ ಮಾತ್ರ ಯಾರ ಮಾತಿಗೂ ಸುಲಭವಾಗಿ ಬಗ್ಗಿದವಳಲ್ಲ. ಅಂಥವಳು ಅಂದು, ಎಂಟು ವರ್ಷದವಳಾಗಿದ್ದ ನನ್ನ ಗೀಟುಗಳನ್ನು ನಂಬಿ, ಎದ್ದವಳು ಮತ್ತೆ ಕೂತಳು.