ಹಂಡೆ ಒಲೆಯ ಮುಂದೆ ಕಾಲು ಚಾಚಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ನಮ್ಮಪ್ಪ ಒಂದೇ ವರ್ಷದಲ್ಲಿ ಎರಡನ್ನೂ ನೋಡಲು ಹೊರಟಿದ್ದರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜಯನಗರದಲ್ಲಿ ಮನೆಯೇನೋ ಎದ್ದಿತು. ಆದರೆ ಸುತ್ತ ಬರೀ ಖಾಲಿ ಸೈಟು, ಅದರಾಚೆ ರಾಗಿ ಹೊಲ. ಬನಶಂಕರಿ ಕಡೆಯಿಂದ ಬೀಸುವ ಗಾಳಿಗೆ ತಡೆಯೇ ಇರಲಿಲ್ಲ. ಪುಷ್ಯ ಮಾಸದ ಬೆಳಗಿನಲ್ಲಿ ಹಲ್ಲು ಕಟಕಟ ಅನ್ನುತ್ತಿತ್ತು.

ಮನೆಯಲ್ಲಿ ಬೆಚ್ಚಗಿದ್ದ ಜಾಗ ಒಂದೇ, ಬಚ್ಚಲುಮನೆಯ ಹಂಡೆ ಒಲೆ. ಅಪ್ಪನ ತಾಯಿ, ನಮ್ಮಜ್ಜಿ, ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚಿ, ಕಾಲು ಕಾಯಿಸಿಕೊಂಡು, ಮಿಂದು ಮಡಿಯುಟ್ಟು ಅಡುಗೆಮನೆ ಸೇರುತ್ತಿದ್ದಳು. ಆಮೇಲೆ ಒಲೆ ನನ್ನದು. ತೆಂಗಿನ ಚಿಪ್ಪು ತುರುಕಿ, ಸೀರೆ ಮೊಣಕಾಲಿಗೆ ಏರಿಸಿ, ಕಾಲು ಚಾಚಿ ಕೂತರೆ ನೀರು ಮರಳುವವರೆಗೂ ಏಳುತ್ತಿರಲಿಲ್ಲ. ಬಿ.ಎ. ಓದುತ್ತಿದ್ದೆ. ಪುಸ್ತಕ ತೊಡೆಯ ಮೇಲಿರುತ್ತಿತ್ತು, ಮನಸ್ಸು ನನಗೆ ಗೊತ್ತುಮಾಡಿದ್ದ ಹುಡುಗನ ಮೇಲಿರುತ್ತಿತ್ತು. ಹೆಣ್ಣು ನೋಡಲು ಬಂದವನು ನಾಚಿಕೆಯಿಲ್ಲದೆ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದ. ಅದಕ್ಕೇ ನನಗೆ ಇಷ್ಟವಾಗಿಬಿಟ್ಟಿದ್ದ. ಫಾಲ್ಗುಣದಲ್ಲಿ ಮದುವೆ ಎಂದು ನಿಶ್ಚಯವಾಗಿತ್ತು.

ಒಂದು ಶುಕ್ರವಾರ ಎಣ್ಣೆ ಹಚ್ಚಲು ಕೂತ ಅಮ್ಮ ನನ್ನ ಕಾಲು ನೋಡಿ ಕೈ ಹಿಂದೆಗೆದಳು. ಎರಡೂ ಕಣಕಾಲಿನ ಮುಂದೆ ಕೆಂಪು ಮಿಶ್ರಿತ ಕಂದು ಬಣ್ಣದ ಗೆರೆಗಳು, ಬಲೆ ನೇಯ್ದ ಹಾಗೆ. ನಾನು ನೋಡಿರಲಿಲ್ಲ ಅಂತಲ್ಲ. ನೋವಿಲ್ಲ, ನವೆ ಇಲ್ಲ, ಹೋಗುತ್ತೆ ಬಿಡು ಅಂತ ಸುಮ್ಮನಿದ್ದೆ. ಅಮ್ಮ ಆ ಜಾಗವನ್ನು ಗಟ್ಟಿಯಾಗಿ ಚಿವುಟಿದಳು.

“ಅಯ್ಯೋ! ನಿಂಗೇನು ಬಂತಮ್ಮಾ?” ಎಂದು ಕಿರುಚಿದೆ.

“ನೋವಾಯ್ತಾ? ಸದ್ಯ, ದೇವ್ರು ದೊಡ್ಡವನು” ಎಂದು ಕಣ್ಣೊರೆಸಿಕೊಂಡಳು. ಸ್ಪರ್ಶ ತಿಳಿಯದ ಮಚ್ಚೆ ಎಂದರೆ ಕುಷ್ಠ ಎಂದು ಆಗ ಎಲ್ಲರಿಗೂ ಭಯ. ಆ ಹೆಸರನ್ನು ಮದುವೆ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗಿತ್ತು?

ಅಜ್ಜಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. “ಹಾವಿನ ಪೊರೆ ಥರಾನೇ ಇದೆಯಲ್ಲೇ! ಇದು ನಾಗದೋಷ. ಸೈಟು ಅಗೆಯೋವಾಗ ಯಾವ ಹುತ್ತ ಕೆಡವಿದ್ರೋ ಏನೋ. ದೋಷ ಕಳೆಯೋವರ್ಗೂ ಮದುವೆ ಮಾತಿಲ್ಲ” ಎಂದು ತೀರ್ಪು ಕೊಟ್ಟಳು.

ಅಪ್ಪ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಹುಡುಗನ ಮನೆಯೋರಿಗೂ ಒಂದು ಮಾತು ಹೇಳ್ಬೇಕಾಗುತ್ತೇನೋ” ಅಂದರು. ದೋಷ ಇರುವ ಹುಡುಗಿ ಎಂದ ಮೇಲೆ ಯಾರು ಕಾಯುತ್ತಾರೆ? ಅವನು ಇನ್ನೊಬ್ಬರ ಮನೆಯಲ್ಲಿ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವುದನ್ನು ನೆನೆಸಿಕೊಂಡರೇ ಹೊಟ್ಟೆ ಉರಿಯುತ್ತಿತ್ತು.

ಮರುದಿನದಿಂದ ಪ್ರದಕ್ಷಿಣೆ ಶುರು. ಕತ್ತಲಿರುವಾಗಲೇ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲಿ ಅಶ್ವತ್ಥಕಟ್ಟೆಗೆ ಹೋಗಿ, ನಾಗರಕಲ್ಲಿಗೆ ಹಾಲೆರೆದು ಸುತ್ತಬೇಕು. ನಡುಗುತ್ತಾ ವಾಪಸು ಬಂದರೆ ಅಜ್ಜಿಗೆ ಕರುಳು ಚುರುಕ್ ಅನ್ನುತ್ತಿತ್ತು. “ಬಾ ಮಗು, ಒಲೆ ಹತ್ರ ಕೂತ್ಕೋ. ಇನ್ನೂ ಹತ್ರ ಬಾರೇ” ಎಂದು ಕೈಹಿಡಿದು ಎಳೆದು, ಒಲೆಯೊಳಗೇ ತುರುಕುವುದೊಂದು ಬಾಕಿ. ಬರುಬರುತ್ತಾ ಬಲೆ ಇನ್ನಷ್ಟು ಕಪ್ಪಾಯಿತು.

“ನೋಡ್ದ್ಯಾ? ದೋಷ ಹೊರಗೆ ಬರ್ತಾ ಇದೆ!” ಅಂದಳು ಅಜ್ಜಿ, ಸಂತೋಷದಿಂದ.

ನನಗೆ ರೇಗಿಹೋಯಿತು. ಡಾಕ್ಟರಿಗೆ ತೋರಿಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. “ನೋವಿಲ್ಲ, ನವೆ ಇಲ್ಲ, ಡಾಕ್ಟ್ರು ಯಾಕೆ?” ಎಂದು ಗೊಣಗಿದರೂ ಅಜ್ಜಿ ಜಟಕಾ ಹತ್ತಿ ಜೊತೆಗೆ ಬಂದಳು. ನನ್ನ ಬಾಯಿ ಜೋರು, ಅಲ್ಲಿ ಏನಾದರೂ ಹೇಳಿ ಮರ್ಯಾದೆ ಕಳೆದೇನು ಅಂತ.

ಹನುಮಂತನಗರದಲ್ಲಿ ಒಬ್ಬ ಲೇಡಿ ಡಾಕ್ಟರ ಶಾಪು ಇತ್ತು. ಕ್ಲಿನಿಕ್ಕನ್ನು ನಾವು ಶಾಪು ಅಂತಲೇ ಅನ್ನುತ್ತಿದ್ದುದು. ಆಕೆ ನನ್ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕಾಲನ್ನು ಅಲ್ಲಲ್ಲಿ ಮುಟ್ಟಿದರು. ಮುಟ್ಟಿದ್ದೆಲ್ಲ ಗೊತ್ತಾಯಿತು. “ಸ್ಪರ್ಶ ಚೆನ್ನಾಗಿದೆ, ಆ ಭಯ ಬೇಡ” ಅಂದರು. ಆಮೇಲೆ ನನ್ನನ್ನೇ ನೋಡುತ್ತಾ, “ದಿನಾ ಒಲೆ ಮುಂದೆ ಕೂತ್ಕೋತೀಯೇನಮ್ಮ?” ಎಂದು ಕೇಳಿದರು.

ನಾನು ಅಜ್ಜಿಯ ಮುಖ ನೋಡಿದೆ.

“ಇದು ಕಾವಿನ ಗುರುತು. ಸುಟ್ಟು ಬೊಬ್ಬೆ ಬರೋವಷ್ಟು ಬಿಸಿ ಅಲ್ಲ, ಅದಕ್ಕೇ ನೋವಿಲ್ಲ. ಆದ್ರೆ ದಿನಾ ತಗುಲಿ ಚರ್ಮದ ಮೇಲೆ ಬಲೆ ಮೂಡುತ್ತೆ. ಒಲೆಯಿಂದ ದೂರ ಇರು, ಕೆಲವು ತಿಂಗಳಲ್ಲಿ ಮಾಸುತ್ತೆ.”

ಅಜ್ಜಿಗೆ ಒಪ್ಪಿಗೆಯಾಗಲಿಲ್ಲ. “ಚೆನ್ನಾಗಿ ಹೇಳಿದ್ರಿ ಡಾಕ್ಟ್ರಮ್ಮ! ನಾನು ಮದ್ವೆಯಾಗಿ ಬಂದಾಗ್ಲಿಂದ ಒಲೆ ಮುಂದೇನೇ ಇದೀನಿ. ನಂಗೇನೂ ಆಗಿಲ್ವಲ್ಲ?”

“ಎಲ್ಲಿ, ತೋರ್ಸಿ.”

ಅಜ್ಜಿ ಸೀರೆಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಕೊನೆಗೆ ನಾನೇ ಅವಳ ಕಾಲ ಬಳಿ ಕೂತು ಅಂಚು ಎತ್ತಿದೆ. ನನ್ನ ಕಾಲಿನ ಬಲೆಯೇ, ಆದರೆ ಹಳೆಯದು, ಮಸಿಯಷ್ಟು ಕಪ್ಪು. ಅದರ ನಡುವೆ ನಾಲ್ಕಾಣೆಯಷ್ಟಗಲದ ಹುಣ್ಣು, ಅಂಚು ಗಟ್ಟಿಯಾಗಿ ಎದ್ದು, ಮೇಲೆ ಹಕ್ಕಳೆ ಕಟ್ಟಿತ್ತು. ದೀಪದ ಬುಡ ಕತ್ತಲೆ ಅಂದರೆ ಇದೇ. ಮನೆಯವರೆಲ್ಲ ನನ್ನ ಕಾಲನ್ನು ನೋಡಿದ್ದೇ ನೋಡಿದ್ದು, ಅವಳ ಕಾಲನ್ನು ನೋಡಿದವರು ಒಬ್ಬರೂ ಇಲ್ಲ.

“ಇದು ಯಾವಾಗಿಂದ?” ಡಾಕ್ಟರ ದನಿ ಬದಲಾಗಿತ್ತು.

“ಹೋದ ವರ್ಷದ ದೀಪಾವಳಿ ಮುಂಚಿಂದ. ಅದು ನೋಯೋದೇ ಇಲ್ಲಮ್ಮ.”

“ಅಲ್ಲಾ ಅಮ್ಮಾ, ನೋವಿದ್ದಿದ್ರೆ ನೀವು ಆಗ್ಲೇ ಓಡಿ ಬರ್ತಿದ್ರಿ. ವಾರಗಟ್ಟಲೆ ಮಾಯದ ಹುಣ್ಣು, ಹಬ್ಬೋ ಮಚ್ಚೆ, ಮುಟ್ಟಿದ್ದು ತಿಳಿಯದ ಚರ್ಮ, ಇವನ್ನ ನೋವಿಲ್ಲ ಅಂತ ಬಿಡಬಾರ್ದು. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ. ಇದನ್ನ ಕತ್ತರಿಸಿ ಪರೀಕ್ಷೆ ಮಾಡ್ಬೇಕು.”

ಜಟಕಾದಲ್ಲಿ ಅಜ್ಜಿ ಸೀರೆಯ ಅಂಚನ್ನು ಕಾಲಿಗೆ ಸುತ್ತಿಕೊಂಡು ಕೂತಳು. ನಾನು ಅವಳ ಕೈ ಹಿಡಿದುಕೊಂಡು ದಾರಿಯುದ್ದಕ್ಕೂ ಅತ್ತೆ. ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ: “ಮದುವೆ ಮುಂದಕ್ಕೆ ಹಾಕಿಬಿಡಿ. ಅಜ್ಜಿ ಇಲ್ಲದ ಹಸೆಮಣೆ ಮೇಲೆ ನಾನು ಕೂರಲ್ಲ.” ಯಾವುದಕ್ಕೆ ಅಷ್ಟು ಹೆದರಿದ್ದೆನೋ ಅದನ್ನು ನಾನೇ ಬಾಯಿಬಿಟ್ಟು ಕೇಳಿದ್ದೆ. ಹುಡುಗ ಕೈತಪ್ಪಿದರೆ ತಪ್ಪಲಿ ಅನ್ನಿಸಿಬಿಟ್ಟಿತ್ತು.

ಅಪ್ಪ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿ, ಹುಡುಗನ ಮನೆಯವರಿಗೆ ಎಲ್ಲವನ್ನೂ ಹೇಳಿ ಬಂದರು. ಮಾರನೆಯ ದಿನವೇ ಅವನ ತಾಯಿ ಆಸ್ಪತ್ರೆಗೆ ಬಂದು ಅಜ್ಜಿಯ ಮಂಚದ ಪಕ್ಕ ಕೂತರು. “ನೀವು ಎದ್ದು ಓಡಾಡಿ. ಮುಹೂರ್ತ ವೈಶಾಖದಲ್ಲೂ ಇದೆ” ಅಂದರು. ಅವನು ಬಾಗಿಲ ಹತ್ತಿರ ಮೂಸಂಬಿ ಚೀಲ ಹಿಡಿದು ನಿಂತಿದ್ದ. ಅಜ್ಜಿಯ ಹುಣ್ಣು ಕೆಟ್ಟದ್ದೇ ಆಗಿತ್ತು, ವರ್ಷಗಟ್ಟಲೆ ಕಾವು ತಗುಲಿದ ಚರ್ಮದಲ್ಲಿ ಹುಟ್ಟಿದ ಕ್ಯಾನ್ಸರ್. ಆದರೆ ಬೇರೆಲ್ಲೂ ಹರಡಿರಲಿಲ್ಲ, ಪೂರ್ತಿ ತೆಗೆದಿದ್ದೇವೆ ಎಂದರು ಆಸ್ಪತ್ರೆಯವರು.

ವೈಶಾಖದಲ್ಲಿ ಮದುವೆಯಾಯಿತು. ನನ್ನ ಕಾಲಿನ ಬಲೆ ಹುಡುಕಿದರೆ ಕಾಣುವಷ್ಟು ಮಾಸಿತ್ತು. ಸಪ್ತಪದಿಯಲ್ಲಿ ಎಲ್ಲಿ ಸೀರೆ ಅಂಚು ಮೇಲೇರಿ ಯಾರಾದರೂ ನೋಡಿಬಿಡುತ್ತಾರೋ ಎಂದು ನಾನು ಹೆದರಿದ್ದೇ ದಂಡ. ಅತ್ತ ಯಾರ ಕಣ್ಣೂ ಇರಲಿಲ್ಲ. ಚಾಪೆಯ ಮೇಲೆ ಅಜ್ಜಿ ಕಾಲು ಚಾಚಿ, ಸೀರೆ ಎತ್ತಿ, ಗಾಯದ ಕಲೆಯನ್ನು ಎಲ್ಲರಿಗೂ ತೋರಿಸುತ್ತಾ, ಬೀಗರ ಕಡೆಯ ಮುದುಕಿಯರನ್ನು ಒಬ್ಬೊಬ್ಬರಾಗಿ ಹಿಡಿದು ಕೂರಿಸುತ್ತಿದ್ದಳು.

ಮಂತ್ರದ ನಡುವೆಯೂ ಅವಳ ದನಿ ನನಗೆ ಕೇಳಿಸಿತು: “ನೋಯಲ್ವಾ? ಹಾಗಾದ್ರೆ ಮೊದ್ಲು ನಿಮ್ಮ ಕಾಲು ತೋರ್ಸಿ!”