ಅಮಾವಾಸ್ಯೆ ದಿನ ಬನಹಟ್ಟಿಗೆ

ಹಸುಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೂರು ಸುತ್ತಿದವಳು ಎಂಬ ಹೆಸರು ನನ್ನ ಗಂಡನ ಮನೆಯ ಕಡೆ ನನಗೆ ಇಂದಿಗೂ ಇದೆ. ಆ ಹೆಸರನ್ನು ಅಳಿಸಿಕೊಳ್ಳಲು ನಾನು ಹೋಗಿಲ್ಲ. ಸುತ್ತಿದ್ದು ನಿಜ. ಸುತ್ತಿದ್ದಕ್ಕೆ ಮಗುವಿಗೆ ಏನೂ ಆಗಲಿಲ್ಲ ಎನ್ನುವುದೂ ನಿಜ.

ಆಗ ನಾವು ಜಮಖಂಡಿಯಲ್ಲಿದ್ದೆವು. ನನ್ನ ಗಂಡ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಇಬ್ಬರೂ ಮೈಸೂರಿನವರು. ಮೈಸೂರು ಆಗ ಬೇರೆ ರಾಜ್ಯ, ಜಮಖಂಡಿ ಬೊಂಬಾಯಿ ರಾಜ್ಯಕ್ಕೆ ಸೇರಿದ್ದು. ನಮ್ಮತ್ತೆ ನೆಂಟರ ಹತ್ತಿರ "ಮಗ ಪರದೇಶದಲ್ಲಿದಾನೆ" ಎಂದೇ ಹೇಳುತ್ತಿದ್ದರು. ಅವರದು ಪೂರ್ತಿ ಸುಳ್ಳೂ ಅಲ್ಲ. ಕಚೇರಿಯ ಬೋರ್ಡು ಮರಾಠಿಯಲ್ಲಿತ್ತು. ಮಾತು ಕನ್ನಡವೇ ಆದರೂ ಮೊದಮೊದಲು ಕಾಯಿಪಲ್ಯದವಳ ಮಾತು ತಿಳಿಯದೆ ಬೆರಳು ತೋರಿಸಿ ಬದನೆಕಾಯಿ ಕೊಂಡಿದ್ದೇನೆ.

ನನ್ನ ತಂದೆ ವಿದ್ಯಾರ್ಥಿ ನಿಲಯವೊಂದರ ವಾರ್ಡನ್. ಏಳುವುದಕ್ಕೊಂದು ಗಂಟೆ, ಉಣ್ಣುವುದಕ್ಕೊಂದು ಗಂಟೆ, ದೀಪ ಆರಿಸುವುದಕ್ಕೊಂದು ಗಂಟೆ. ನಾನು ಬೆಳೆದದ್ದು ಆ ಗಂಟೆಗಳ ಸದ್ದಿನಲ್ಲಿ. ಮಗಳು ಹುಟ್ಟಿದಾಗ ಅವಳಿಗೂ ಹಾಗೆಯೇ ಮಾಡಿದೆ. ಹಾಲಿಗೆ ಹೊತ್ತು, ಸ್ನಾನಕ್ಕೆ ಹೊತ್ತು, ನಿದ್ದೆಗೆ ಹೊತ್ತು. ಭಾನುವಾರ ಬೆಳಗ್ಗೆ ಬಸ್ಸಿಗೆ ಹೊತ್ತು.

ಆ ಬಸ್ಸೇ ಮನೆಯವರ ಕಣ್ಣಿಗೆ ಬಿದ್ದದ್ದು. ಪರದೇಶಕ್ಕೆ ಬಂದು ಮನೆಯೊಳಗೆ ಕೂತರೆ ಅದು ಕೊನೆಯವರೆಗೂ ಪರದೇಶವಾಗಿಯೇ ಉಳಿಯುತ್ತದೆ ಎಂಬುದು ನನ್ನ ಲೆಕ್ಕ. ಮಗಳು ಕತ್ತು ನಿಲ್ಲಿಸಿದ ಕೂಡಲೇ ಹೊರಟೆವು. ಮುಧೋಳದ ಪೇಟೆಯನ್ನು ಅವಳು ನನ್ನ ಹೆಗಲ ಮೇಲಿಂದ ನೋಡಿದಳು. ಬೀಳಗಿಯಲ್ಲಿ ಹಳೆಯ ಬಾವಿಯ ಮೆಟ್ಟಿಲ ಮೇಲೆ ಕೂತು ಹಾಲು ಕುಡಿದಳು. ಅವಳಿಗೆ ಎಲ್ಲಕ್ಕಿಂತ ಒಗ್ಗಿದ್ದು ಬನಹಟ್ಟಿ. ಅಲ್ಲಿ ನಮಗೆ ಗೊತ್ತಿದ್ದ ನೇಕಾರರ ಮನೆಯೊಂದಿತ್ತು. ಮಗ್ಗದ ಸದ್ದಿಗೆ ಅಳುವ ಮಗು ಸುಮ್ಮನಾಗುತ್ತಿತ್ತು, ಸುಮ್ಮನಿದ್ದದ್ದು ನಿದ್ದೆ ಹೋಗುತ್ತಿತ್ತು. ಆ ಮನೆಯ ಸೊಸೆ ನಗುತ್ತಿದ್ದಳು: "ಬಾಯಾರ, ನಿಮ್ಮ ಕೂಸು ಹ್ವಾದ ಜಲ್ಮದಾಗ ನೇಕಾರಾಕಿನ ಇರಬೇಕ ನೋಡ್ರಿ."

ಚಳಿಗಾಲದಲ್ಲಿ ಅತ್ತೆ ಬಂದರು. ಒಂದು ಡಬ್ಬಿ ರಾಗಿಹಿಟ್ಟು, ಕೈಯಲ್ಲಿ ಹೆಣೆದ ಉಣ್ಣೆಯ ಕುಲಾಯಿ ತಂದರು. ನನ್ನ ಗಂಡ ಹೆಮ್ಮೆಯಿಂದ ನಮ್ಮ ಭಾನುವಾರಗಳ ಕಥೆ ಹೇಳಿದರು. ಹೇಳಬಾರದಿತ್ತು.

"ಹಲ್ಲು ಬರದ ಮಗೂನ ಎತ್ಕೊಂಡು ಕಂಡಕಂಡ ಊರಿಗೆಲ್ಲಾ ಹೋಗ್ತೀರಾ?" ಎಂದರು ಅತ್ತೆ. ಎರಡು ದಿನ ಯೋಚಿಸಿ ತೀರ್ಮಾನವನ್ನೂ ಹೇಳಿದರು. "ನಾನು ಹೊರಡೋವಾಗ ಮಗು, ತಾಯಿ ಇಬ್ರೂ ನನ್ನ ಜೊತೆ ಬರ್ಲಿ. ಮಗೂಗೆ ಮೂರು ವರ್ಷ ತುಂಬೋವರೆಗೆ ಮೈಸೂರಲ್ಲೇ ಇರ್ಲಿ. ನೀನು ಒಬ್ಬನೇ ಇರ್ಬಹುದಲ್ಲ?"

ನನ್ನ ಗಂಡ "ನೋಡೋಣಮ್ಮ" ಎಂದರು. ಅವರ ನೋಡೋಣ ಎಂದರೆ ಹೂಂ ಎಂದೇ ಅರ್ಥ. ಮೂರು ವರ್ಷ! ನಾನು ಕಷ್ಟಪಟ್ಟು ನನ್ನದು ಮಾಡಿಕೊಂಡಿದ್ದ ಮನೆ, ಊರು, ಗಂಡ, ಎಲ್ಲವನ್ನೂ ಒಂದು ಟ್ರಂಕಿನಲ್ಲಿ ಮಡಿಸಿ ಇಡುವ ಮಾತು. ನಾನು ಅಳಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡಿದೆ. ಅತ್ತೆ ಹೊರಡುವ ಮೊದಲು ಸ್ಕೂಲಿಗೆ ಒಂದು ರಜೆ ಇತ್ತು.

"ಆ ದಿನ ಎಲ್ಲರೂ ಬನಹಟ್ಟಿಗೆ ಹೋಗೋಣ" ಎಂದೆ. "ನೀವೂ ಬನ್ನಿ. ಮಗು ಹೇಗಿರ್ತಾಳೆ ಅಂತ ಕಣ್ಣಾರೆ ನೋಡಿ."

ಅತ್ತೆ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟರು. "ಅವತ್ತು ಅಮಾವಾಸ್ಯೆ."

"ಗೊತ್ತು."

"ಅಮಾವಾಸ್ಯೆ ದಿನ ಮಗೂನ ಹೊಸಿಲು ದಾಟಿಸ್ತೀಯಾ?"

"ದಾಟಿಸ್ತೀನಿ. ಅವಳು ಅವತ್ತು ಅತ್ತು ರಂಪ ಮಾಡಿದ್ರೆ, ಹುಷಾರು ತಪ್ಪಿದ್ರೆ, ನಾನು ಬಾಯಿ ಮುಚ್ಚಿಕೊಂಡು ನಿಮ್ಮ ಜೊತೆ ಮೈಸೂರಿಗೆ ಬರ್ತೀನಿ. ಇಲ್ಲದಿದ್ರೆ ನಾವಿಬ್ಬರೂ ಇಲ್ಲೇ."

ಅತ್ತೆ ನನ್ನ ಮುಖ ನೋಡಿದರು. ಮಗನ ಮುಖ ನೋಡಿದರು. "ಸರಿ" ಎಂದರು. ಗೆಲ್ಲುತ್ತೇನೆಂದು ಅವರಿಗೆ ಖಾತ್ರಿಯಿತ್ತು. ಮಗ್ಗದ ಸದ್ದಿನ ಮೇಲೆ ನನಗೂ ಅಷ್ಟೇ ಖಾತ್ರಿಯಿತ್ತು.

ಬಸ್ಸು ಮುಕ್ಕಾಲು ಖಾಲಿ. ಹುನ್ನೂರು ದಾಟುವಾಗ ಅತ್ತೆ ಸೆರಗಿನಿಂದ ಮಗುವಿನ ಮುಖ ಮುಚ್ಚಿದರು, ಮಗು ಸೆರಗನ್ನು ಎಳೆದು ಬಾಯಿಗಿಟ್ಟುಕೊಂಡಿತು. ಬನಹಟ್ಟಿಯಲ್ಲಿ ಇಳಿದು ಓಣಿಗೆ ತಿರುಗಿದೆವು. ಸದ್ದಿಲ್ಲ. ಎಂದೂ ಬಾಯಿ ಮುಚ್ಚದ ಓಣಿಯಲ್ಲಿ ಒಂದು ಮಗ್ಗವೂ ಆಡುತ್ತಿಲ್ಲ. ಮನೆಗಳ ಬಾಗಿಲೆಲ್ಲ ಮುಚ್ಚಿವೆ. ನೇಕಾರರು ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ ಎಂಬುದು ಆ ಸೀಮೆಯ ಮಕ್ಕಳಿಗೂ ಗೊತ್ತು. ಭಾನುವಾರ ಮಾತ್ರ ಬಂದು ಹೋಗುವ ನಮಗೆ ಗೊತ್ತಿರಲಿಲ್ಲ.

"ನೋಡಿದ್ಯಾ?" ಎಂದರು ಅತ್ತೆ, ಮೆತ್ತಗೆ. "ಊರಿಗೆ ಊರೇ ಬಾಗಿಲು ಹಾಕ್ಕೊಂಡಿದೆ. ಇವತ್ತು ಯಾರೂ ಹೊರಗೆ ಬರಲ್ಲ. ನಿನಗೊಬ್ಬಳಿಗೇ ಧೈರ್ಯ."

ಮಗಳು ಮುಖ ಕಿವಿಚಿದಳು. ಅವಳ ನಿದ್ದೆಯ ಹೊತ್ತು ಹತ್ತಿರ ಬಂದಿತ್ತು. ಇನ್ನು ಶುರುವಾಯಿತು ಎಂದುಕೊಳ್ಳುವಾಗಲೇ ಓಣಿಯ ಆ ತುದಿಯಿಂದ ಕೊರಳಗೆಜ್ಜೆಯ ಸದ್ದು ಕೇಳಿಸಿತು. ಕೋಡಿಗೆ ಬಣ್ಣ ಹಚ್ಚಿದ ಎತ್ತುಗಳು, ಹಿಂದೆ ಗಾಡಿ. ಗಾಡಿಯ ತುಂಬ ಬುಟ್ಟಿ, ಹೆಂಗಸರು, ಮಕ್ಕಳು. ಮುಂದೆ ಕೂತಿದ್ದವಳು ನಮಗೆ ಗೊತ್ತಿದ್ದ ನೇಕಾರರ ಸೊಸೆಯೇ. ಅವಳ ಮಡಿಲಲ್ಲೊಂದು ಕೂಸು ಇತ್ತು, ನನ್ನದಕ್ಕಿಂತ ಚಿಕ್ಕದು.

"ಅಯ್ಯ ಬಾಯಾರ! ಇವತ್ತ ಮಗ್ಗ ಬಂದ್ ಇರ್ತಾವಂತ ಗೊತ್ತಿಲ್ಲೇನ್ರಿ?"

"ಎಲ್ಲಿಗೆ ಹೊರಟಿರಿ, ಅಮಾವಾಸ್ಯೆ ದಿನ?" ಅತ್ತೆ ತಡೆಯಲಾರದೆ ಕೇಳಿದರು.

"ಎಳ್ಳಮಾಸಿರೀ ಅವ್ವಾರ! ಇವತ್ತ ಯಾರರ ಮನ್ಯಾಗ ಕುಂದರ್ತಾರೇನ್ರಿ? ಚಿಮ್ಮಡದ ಹಾದಿಗೆ ನಮ್ಮ ತವರವರ ಹೊಲ ಐತಿ, ಚರಗ ಚೆಲ್ಲಾಕ ಹೊಂಟೀವಿ. ಏರ್ರಿ, ಏರ್ರಿ. ಮಾಸ್ತರ, ನೀವು ಹಿಂದ ಕುಂದರ್ರಿ."

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಆ ಸೀಮೆಯ ಹೊಲದ ಹಬ್ಬ. ಚರಗ ಎಂದರೆ ಆ ದಿನ ಮಾಡಿದ ಅಡಿಗೆಯನ್ನೆಲ್ಲ ಮೊದಲು ಹೊಲಕ್ಕೆ ಎರಚಿ ಭೂಮಿಗೆ ಉಣ್ಣಿಸುವುದು. ಆಮೇಲೆ ಎಲ್ಲರೂ ಹೊಲದಲ್ಲೇ ಉಣ್ಣುವುದು. ನಾನು ಗಾಡಿ ಹತ್ತಿದೆ. ಅತ್ತೆ ಬೀದಿಯಲ್ಲಿ ಒಬ್ಬರೇ ನಿಲ್ಲಲಾರದೆ ಹತ್ತಿದರು. ಗಾಲಿಯ ಗಡಗಡ ಮಗ್ಗಕ್ಕಿಂತ ಜೋರು. ಊರು ದಾಟುವ ಮೊದಲೇ ಮಗಳು ನಿದ್ದೆ ಹೋದಳು.

ದಾರಿಯುದ್ದಕ್ಕೂ ಗಾಡಿಗಳು. ಒಂದೊಂದರಲ್ಲೂ ಕೂಸುಗಳು. ಅತ್ತೆ ಪ್ರತಿ ಗಾಡಿಯನ್ನೂ ತಿರುಗಿ ನೋಡುತ್ತಿದ್ದರು.

ಹೊಲದಲ್ಲಿ ಜೋಳ ಆಳೆತ್ತರ ನಿಂತಿತ್ತು. ಬೇವಿನ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಎರಡು ಕೂಸುಗಳನ್ನೂ ಮಲಗಿಸಿದರು. ಚರಗ ಚೆಲ್ಲಿ ಬಂದು ಬುಟ್ಟಿ ಬಿಚ್ಚಿದರು: ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅತ್ತೆ ಹೊರಗೆ ಊಟ ಮಾಡುವವರಲ್ಲ. ಅವರಿಗೆ ಕಡಲೆ ಗಿಡ ಕಿತ್ತು ತಂದು ಕೊಟ್ಟರು. "ಇದಕ್ಕ ಮಡಿ ಮೈಲಿಗಿ ಏನಿಲ್ರಿ ಅವ್ವಾರ, ನೆಲ ಕೊಟ್ಟಿದ್ದು." ಅತ್ತೆ ಒಂದು ಕಾಯಿ ಬಿಡಿಸಿ ತಿಂದರು. ಆಮೇಲೆ ನಿಲ್ಲಿಸಲಿಲ್ಲ.

ಮಗಳು ಎದ್ದಳು. ಅಷ್ಟರಲ್ಲಿ ನೇಕಾರರ ಮನೆಯ ಮುದುಕಿ, ಸೊಸೆಯ ಅತ್ತೆ, ಹೋಳಿಗೆಯ ಹೂರಣವನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಮಗುವಿನ ಬಾಯಿಯ ಹತ್ತಿರ ತಂದಳು. ನಾನು ಕೈ ಅಡ್ಡ ಹಿಡಿದೆ.

"ಬೇಡ ಅಜ್ಜಿ. ಈಗ ಅವಳಿಗೆ ತಿನ್ನೋ ಹೊತ್ತಲ್ಲ. ಶೇಂಗಾ ಇನ್ನೂ ಕೊಡಲ್ಲ."

"ಒಂದೀಟ ನಾಲಿಗಿಗೆ ಹಚ್ಚಿದ್ರ ಏನಾಕ್ಕೈತಿ ತಂಗೀ? ಚರಗದ ದಿನ ಹೊಲಕ್ಕ ಬಂದ ಕೂಸು ಬಾಯಿ ಕಟಗೊಂಡು ಹೋಗಬಾರ್ದ. ಕೂಸಿಗೇನ ಗಡಿಯಾರ ಗೊತ್ತೈತಿ?"

"ಕೂಸಿಗೆ ಗೊತ್ತಿಲ್ಲ, ನನಗೆ ಗೊತ್ತಿದೆ."

ಉಣ್ಣುತ್ತಿದ್ದವರ ಕೈ ನಿಂತಿತು. ಗಾಡಿಯಲ್ಲಿ ಕೂರಿಸಿ ಕರೆತಂದವರಿಗೆ, ಅವರ ಬೀಗರ ಹೊಲದಲ್ಲಿ, ಹಬ್ಬದ ದಿನ ಬೇಡ ಎಂದಿದ್ದೆ. ನನ್ನ ಗಂಡ ಕಣ್ಣಿನಲ್ಲೇ ಬೇಡಿಕೊಂಡರು. ಮುದುಕಿಯ ಬೆರಳು ಹಾಗೆಯೇ ಇತ್ತು. ನನ್ನ ಕೈಯೂ ಹಾಗೆಯೇ ಇತ್ತು.

"ಅವಳ ಪಾಲು ನನಗೆ ಕೊಡಿ ಅಜ್ಜಿ" ಎಂದೆ. "ನಾನು ತಿಂದ್ರೆ ಹಾಲಾಗಿ ಅವಳಿಗೇ ಹೋಗುತ್ತೆ" ಎಂದು ಬಾಯಿ ತೆರೆದೆ.

ಮುದುಕಿ ಒಂದು ಕ್ಷಣ ನನ್ನನ್ನು ನೋಡಿ, ಬೆರಳಿನದನ್ನಲ್ಲ, ಇಡೀ ಹೋಳಿಗೆಯನ್ನೇ ಮುರಿದು ನನ್ನ ಬಾಯಿಗೆ ತುರುಕಿದಳು. "ತಿನ್ನ ತಿನ್ನ! ಇಕಿ ಭಾಳ ಗಟ್ಟಿ ಹೆಣ್ಣ ಬಿಡವ್ವಾ. ಇಂಥಾಕಿನ್ನ ಹೆಂಗ ಆಳ್ತೀರಿ ಅವ್ವಾರ ನೀವು?"

ಅತ್ತೆ ಕಡಲೆ ಸಿಪ್ಪೆಯನ್ನು ಸೆರಗಿನಿಂದ ಕೊಡವಿದರು. "ಆಳೋದೆಲ್ಲಿ ಬಂತು! ನನ್ನ ಮಾತು ಒಂದನ್ನೇ ಕೇಳಲ್ಲ ಅಂದ್ಕೊಂಡಿದ್ದೆ. ಇವಳು ಯಾರ ಮಾತೂ ಕೇಳಲ್ಲ."

ಎಲ್ಲರೂ ನಕ್ಕರು. ನಾನು ಬಾಯಿ ತುಂಬ ಹೋಳಿಗೆ ಇಟ್ಟುಕೊಂಡಿದ್ದರಿಂದ ನಗಲಾಗಲಿಲ್ಲ. ಹೊರಡುವಾಗ ಮುದುಕಿ ನನ್ನ ಉಡಿ ತುಂಬಿದಳು, ಮಗುವಿನ ಹಣೆಗೆ ಹೊಲದ ಮಣ್ಣನ್ನು ಹಚ್ಚಿದಳು. ಅದಕ್ಕೆ ನಾನು ಬೇಡ ಎನ್ನಲಿಲ್ಲ. ಹಣೆ ತೊಳೆದರೆ ಹೋಗುತ್ತದೆ.

ಬಸ್ಸಿನಲ್ಲಿ ಮಗಳು ಅಳಲಿಲ್ಲ. ಮನೆಗೆ ಬಂದ ಮೇಲೂ ಅಳಲಿಲ್ಲ. ಅತ್ತೆ ಮರುದಿನವೆಲ್ಲ ಆಗಾಗ ಅವಳ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಸಂಜೆ ತಮ್ಮ ಸೀರೆಗಳನ್ನು ಮಾತ್ರ ಟ್ರಂಕಿಗೆ ಹಾಕಿಕೊಂಡರು.

"ಅಮಾವಾಸ್ಯೆ ವಿಷಯ ನಾನು ಒಪ್ಪಿಲ್ಲ" ಎಂದರು.

"ನೀವು ಒಪ್ಪಬೇಕು ಅಂತ ನಾನು ಹೇಳಿಲ್ಲ" ಎಂದೆ.

"ಬೇರೆಯವರು ತಿನ್ನಿಸೋಕೆ ಬಂದ್ರೆ ಹಾಗೇ ಕೈ ಅಡ್ಡ ಹಿಡಿ. ಅದೊಂದು ಒಪ್ಪಿದೀನಿ" ಎಂದು ಟ್ರಂಕಿನ ಚಿಲಕ ಹಾಕಿದರು.

ಅವರನ್ನು ರೈಲು ಹಿಡಿಯಲು ಬಿಜಾಪುರದ ಬಸ್ಸಿಗೆ ಹತ್ತಿಸಿ ಬಂದೆವು. ಮುಂದಿನ ಭಾನುವಾರ, ಹಾಲಿನ ಹೊತ್ತು ಮುಗಿಸಿಕೊಂಡು, ಮಗಳಿಗೆ ಅಜ್ಜಿಯ ಕುಲಾಯಿ ಹಾಕಿ ಮುಧೋಳದ ಬಸ್ಸು ಹತ್ತಿದೆ. ಆವತ್ತು ಯಾವ ತಿಥಿ ಎಂದು ನಾನು ನೋಡಲಿಲ್ಲ.